ಟಿವಿಯಲ್ಲಿ ತೋರಿಸುವ ಕಾಡುವಿದ್ಯೆ ನಮ್ಮ ದುರ್ಗ-ಬೆಟ್ಟಗಳಲ್ಲಿ ಎಷ್ಟು ನಡೆಯುತ್ತೆ?

ಕಲ್ಪತರು, ತುಮಕೂರು

ಎಲ್ಲರಿಗೂ ನಮಸ್ಕಾರ. ಇಲ್ಲಿನ ಸ್ಕೌಟ್ ಮಕ್ಕಳಿಗೆ ದೇವರಾಯನದುರ್ಗದ ಕಡೆ ಒಂದು ದಿನದ ಚಾರಣ ಗೊತ್ತಾಗಿದೆ. ಮಕ್ಕಳ ತಲೆಯಲ್ಲಿರೋದೆಲ್ಲ ಟಿವಿಯಲ್ಲಿ ನೋಡಿದ್ದೇ. ಎರಡು ಕಲ್ಲು ಕುಟ್ಟಿದರೆ ಬೆಂಕಿ, ಗುಂಡಿ ತೋಡಿ ಪ್ಲಾಸ್ಟಿಕ್ ಹೊದಿಸಿದರೆ ನೀರು, ಕಳ್ಳಿ ಕೊಯ್ದರೆ ಕುಡಿಯೋಕೆ ರಸ, ಹಾವು ಕಚ್ಚಿದರೆ ಬಾಯಲ್ಲಿ ಹೀರಿ ಉಗಿಯೋದು, ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿಯೋದು. ಇದರಲ್ಲಿ ಯಾವುದು ನಿಜ, ಯಾವುದು ನಮ್ಮ ಕುರುಚಲು ಕಾಡಿಗೆ ಒಗ್ಗಲ್ಲ, ಯಾವುದು ಜೀವಕ್ಕೇ ಕುತ್ತು ಅಂತ ತಿಳಿದವರು ಬಿಡಿಸಿ ಬರೆಯಬೇಕು. ಸುಮ್ಮನೆ "ಅದೆಲ್ಲ ಸುಳ್ಳು" ಅಂದರೆ ಮಕ್ಕಳು ಒಪ್ಪಲ್ಲ. ಯಾಕೆ ಆಗಲ್ಲ ಅನ್ನೋದು ಬೇಕು.

ಚಕಮಕಿ, ಮಧುಗಿರಿ

ಬೆಂಕಿಯಿಂದಲೇ ಶುರು ಮಾಡ್ತೀನಿ ಸರ್.

ಎರಡು ಬೆಣಚುಕಲ್ಲನ್ನು ಕತ್ತಲೆಯಲ್ಲಿ ಜೋರಾಗಿ ಉಜ್ಜಿಸಿ ನೋಡಿ. ಕಲ್ಲಿನೊಳಗೇ ಹಳದಿ ಬೆಳಕು ಮಿಂಚುತ್ತೆ, ಒಂಥರಾ ಸುಟ್ಟ ವಾಸನೆಯೂ ಬರುತ್ತೆ. ಅದನ್ನು ನೋಡಿದವರು ಕಿಡಿ ಅಂದುಕೊಳ್ತಾರೆ. ಅದು ಬರೀ ಬೆಳಕು, ಹತ್ತಿಗೆ ತಗುಲಿ ಹೊತ್ತಿಕೊಳ್ಳೋ ಕಿಡಿ ಅಲ್ಲ. ದಿನವಿಡೀ ಕುಟ್ಟಿದರೂ ಬೆರಳು ಜಜ್ಜಿಹೋಗುತ್ತೆ, ಚಕ್ಕೆ ಹಾರಿ ಕಣ್ಣಿಗೆ ಬೀಳುತ್ತೆ. ಕಿಡಿ ಹುಟ್ಟೋದು ಉಕ್ಕಿನಿಂದ. ಕಲ್ಲಿನ ಚೂಪಾದ ಅಂಚು ಉಕ್ಕಿನ ಸಣ್ಣ ಚೂರನ್ನು ಹೆರೆಯುತ್ತೆ, ಆ ಚೂರು ಗಾಳಿಯಲ್ಲಿ ಉರಿಯುತ್ತೆ. ಹಿಂದಿನವರ ಚಕಮಕಿ ಚೀಲದಲ್ಲಿ ಕಲ್ಲಿನ ಜೊತೆ ಉಕ್ಕಿನ ತುಂಡು ಇರುತ್ತಿದ್ದದ್ದು ಅದಕ್ಕೇ. ಸ್ಟೇನ್‌ಲೆಸ್ ಸ್ಟೀಲ್ ಚಾಕು ಇದಕ್ಕೆ ಬರಲ್ಲ. ಸವೆದು ಮೂಲೆ ಸೇರಿದ ಹಳೇ ಅರ (ಲೋಹ ಉಜ್ಜೋ ಫೈಲು) ಇದ್ದರೆ ಅದು ಸರಿಯಾದ ಉಕ್ಕು.

ಇಷ್ಟಾದರೂ ಆ ಕಿಡಿ ನೇರವಾಗಿ ಹುಲ್ಲಿಗೆ ಹತ್ತಲ್ಲ. ಮೊದಲೇ ಕರಿಮಾಡಿದ ಬಟ್ಟೆ ಬೇಕು. ಅಪ್ಪಟ ಹತ್ತಿಯ ಹಳೇ ಪಂಚೆ ಬಟ್ಟೆಯನ್ನು ಬೆಂಕಿಪೊಟ್ಟಣದಷ್ಟು ಚೂರು ಮಾಡಿ, ಮುಚ್ಚಳ ಇರೋ ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ಸಣ್ಣ ತೂತು ಹಾಕಿ ಕೆಂಡದ ಮೇಲಿಡಿ. ತೂತಿನಿಂದ ಹೊಗೆ ಬರೋದು ನಿಂತ ಮೇಲೆ ಇಳಿಸಿ, ಪೂರ್ತಿ ತಣ್ಣಗಾಗೋ ತನಕ ಮುಚ್ಚಳ ತೆಗೀಬೇಡಿ. ಬಿಸಿ ಇದ್ದಾಗ ತೆಗೆದರೆ ಗಾಳಿ ಹೊಕ್ಕು ಬಟ್ಟೆಯೆಲ್ಲ ಬೂದಿ. ಪಾಲಿಯೆಸ್ಟರ್ ಬೆರೆತ ಬಟ್ಟೆ ಕರಗಿ ಮುದ್ದೆಯಾಗುತ್ತೆ. ಇಲ್ಲೇ ಒಂದು ಮಾತು ಗಮನಿಸಿ: ಆ ಕರಿಬಟ್ಟೆ ಮಾಡೋಕೆ ಮೊದಲು ಬೆಂಕಿ ಬೇಕು. ಟಿವಿಯಲ್ಲಿ ಬರಿಗೈಲಿ ಬಂದವನ ಕೈಗೆ ಅದು ಎಲ್ಲಿಂದ ಬಂತು ಅಂತ ಯಾರೂ ಹೇಳಲ್ಲ.

ಇನ್ನು ಮರಕ್ಕೆ ಮರ ಉಜ್ಜೋದು. ಇದು ಖಂಡಿತ ನಿಜ, ಯಜ್ಞಗಳಲ್ಲಿ ಇವತ್ತಿಗೂ ಅರಣಿ ಕಡೆಯುತ್ತಾರೆ. ಅಶ್ವತ್ಥದ ಕಟ್ಟಿಗೆ, ಒಬ್ಬರು ಮೇಲಿಂದ ಒತ್ತಿ ಹಿಡಿಯೋದು, ಇನ್ನೊಬ್ಬರು ಮಜ್ಜಿಗೆ ಕಡೆಯೋ ಹಾಗೆ ಹಗ್ಗ ಎಳೆಯೋದು. ಎಷ್ಟೋ ಕಾಲ ಒಣಗಿಸಿ ಕಾಪಾಡಿದ ಕಟ್ಟಿಗೆ, ನುರಿತ ಕೈ, ಸುತ್ತ ಗಾಳಿ ತಡೆ. ಇಷ್ಟೆಲ್ಲ ಇದ್ದೂ ಕೆಲವೊಮ್ಮೆ ಹೊತ್ತು ಹಿಡಿಯುತ್ತೆ. ಟಿವಿಯಲ್ಲಿ 40 ಸೆಕೆಂಡಿಗೆ ಹೊಗೆ ಬಂತು ಅಂದರೆ ನಡುವೆ ಎಷ್ಟು ಕತ್ತರಿ ಬಿದ್ದಿದೆ ಅಂತ ಲೆಕ್ಕ ಹಾಕಿ.

ಬಿಲ್ಲಿನಲ್ಲಿ ಕಡೆಯೋದಾದರೆ ಹಲಗೆ ಎರಡು ಸೆಂ.ಮೀ. ದಪ್ಪ, ಕಡೆಗೋಲು ಹೆಬ್ಬೆರಳು ದಪ್ಪ, ಒಂದು ಗೇಣು ಉದ್ದ. ಮರ ಯಾವುದು ಅನ್ನೋದಕ್ಕಿಂತ ಹದ ಮುಖ್ಯ: ಒಣಗಿರಬೇಕು, ಉಗುರು ಒತ್ತಿದರೆ ಗುರುತು ಬೀಳಬೇಕು. ಜಾಲಿ, ಹುಣಸೆ ತೀರಾ ಗಟ್ಟಿ. ನಮ್ಮ ಸೀಮೆಯಲ್ಲಿ ಬೇಲಿ ಸಾಲಿನ ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ನಿಲ್ಲೋ ಕಂಬ ಇದೆಯಲ್ಲ, ಅದಕ್ಕಿಂತ ಒಳ್ಳೇದು ಬೇಡ. ಮೇಲಿಂದ ಒತ್ತೋಕೆ ತೆಂಗಿನ ಕರಟದ ಚೂರು, ಒಳಗೆ ಒಂದು ತೊಟ್ಟು ಹರಳೆಣ್ಣೆ. ಮೊದಲು ಸ್ವಲ್ಪ ತಿರುಗಿಸಿ ಕುಳಿ ಸುಟ್ಟುಕೊಳ್ಳಬೇಕು. ಆಮೇಲೆ ಹಲಗೆಯ ಅಂಚಿನಿಂದ ಕುಳಿಯ ನಡುವಿನ ಹತ್ತಿರದವರೆಗೆ ಕಚ್ಚು ಹೊಡೆಯಬೇಕು, ದೋಸೆಯನ್ನು ಎಂಟು ಭಾಗ ಮಾಡಿದರೆ ಒಂದು ಭಾಗ ಎಷ್ಟಗಲವೋ ಅಷ್ಟು. ಹೊಸಬರು ಸೋಲೋದು ಇಲ್ಲೇ. ಕಚ್ಚು ಇಲ್ಲದಿದ್ದರೆ ಹುಡಿ ಒಂದೆಡೆ ಕೂಡಲ್ಲ, ಬಿಸಿ ನಿಲ್ಲಲ್ಲ.

ಹುಡಿಯ ಬಣ್ಣ ನೋಡಿದರೆ ತಪ್ಪು ಗೊತ್ತಾಗುತ್ತೆ. ತಿಳಿಗಂದು ಇದ್ದರೆ ಒತ್ತಡ ಅಥವಾ ವೇಗ ಸಾಲದು. ಕೀರಲು ಸದ್ದು ಬಂದು ಕುಳಿ ಹೊಳೆಯುತ್ತಿದ್ದರೆ ಮೇಲ್ಮೈ ನುಣುಪಾಗಿದೆ, ಒಂದು ಚಿಟಿಕೆ ಮರಳು ಹಾಕಿ. ಕರಿಗಂದು ಹುಡಿ ಕಚ್ಚಿನಲ್ಲಿ ತುಂಬಿ, ಕೈ ನಿಲ್ಲಿಸಿದ ಮೇಲೂ ಹುಡಿಯಿಂದಲೇ ಹೊಗೆ ಏಳುತ್ತಿದ್ದರೆ ಕೆಂಡ ಹುಟ್ಟಿದೆ. ತಕ್ಷಣ ಊದಬೇಡಿ. ಅರ್ಧ ನಿಮಿಷ ಬಿಡಿ, ಹುಡಿ ಒಂದಕ್ಕೊಂದು ಅಂಟಿಕೊಳ್ಳಲಿ. ಆಮೇಲೆ ಹಕ್ಕಿಗೂಡಿನ ಹಾಗೆ ಸುತ್ತಿದ ತೆಂಗಿನ ನಾರಿನೊಳಗೆ ಜಾರಿಸಿ, ಗೂಡನ್ನು ಮುಖಕ್ಕಿಂತ ಎತ್ತರ ಹಿಡಿದು ಕೆಳಗಿನಿಂದ ಉದ್ದಕ್ಕೆ ಊದಿ. ನಾರನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಕೂದಲಿನಷ್ಟು ಸಣ್ಣ ಮಾಡದೆ ಹೋದರೆ ಕೆಂಡ ಅಲ್ಲೇ ಸಾಯುತ್ತೆ.

ಮಕ್ಕಳಿಗೆ ಇದನ್ನು ಕಲಿಸಿ, ಆದರೆ ಶಾಲೆಯ ಅಂಗಳದಲ್ಲಿ.

ಕಲ್ಲುಕುಟಿಗ, ಚಿಕ್ಕಬಳ್ಳಾಪುರ

ಚಕಮಕಿ ಅಣ್ಣನ ಕೊನೇ ಸಾಲು ಎಲ್ಲರೂ ಎರಡು ಸಲ ಓದಿ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಫೆಬ್ರುವರಿಯಿಂದ ಮೇ ತನಕ ಬಾದೆ ಹುಲ್ಲು ಒಣಗಿ ನಿಂತಾಗ ಗಾಳಿ ಬೀಸಿದರೆ, ಓಡೋ ಮನುಷ್ಯನಿಗಿಂತ ಬೆಂಕಿ ಮುಂದೆ ಹೋಗುತ್ತೆ. ಇಳಿಜಾರಲ್ಲಂತೂ ಮೇಲ್ಮುಖವಾಗಿ ನುಗ್ಗುತ್ತೆ.

ಇನ್ನೊಂದು, ಬಂಡೆಯ ಮಗ್ಗುಲಲ್ಲಿ ಬೆಂಕಿ ಹಾಕಿ ಬೆಚ್ಚಗೆ ಮಲಗೋದು ಟಿವಿಯಲ್ಲಿ ಪದೇ ಪದೇ ಬರುತ್ತೆ. ನಮ್ಮ ಕಡೆ ಇರೋದು ಗ್ರಾನೈಟು. ಕಲ್ಲು ಕೆಲಸದವರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಈ ಗುಣದಿಂದಲೇ: ಮೇಲಿನ ಪದರ ಬಿಸಿಗೆ ಹಿಗ್ಗುತ್ತೆ, ಕೆಳಗಿನದು ತಣ್ಣಗೇ ಇರುತ್ತೆ, ನಡುವೆ ಬಿಟ್ಟುಕೊಳ್ಳುತ್ತೆ. ಗ್ರಾನೈಟಿನಲ್ಲಿರೋ ಬೆಣಚು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಚನೆ ಬದಲಿಸಿ ಒಮ್ಮೆಗೇ ಹಿಗ್ಗುತ್ತೆ, ಸೌದೆ ಬೆಂಕಿಗೆ ಆ ಬಿಸಿ ದೂರದ ಮಾತಲ್ಲ. ಅದಕ್ಕೂ ಮೊದಲೇ ತೆಳ್ಳನೆ ಚಕ್ಕೆಗಳು ಟಪ್ ಅಂತ ಸಿಡಿಯೋಕೆ ಶುರುವಾಗುತ್ತೆ, ಅಂಚು ಬ್ಲೇಡಿನ ಹಾಗಿರುತ್ತೆ. ಹಳ್ಳದಿಂದ ಎತ್ತಿ ತಂದ ಕಲ್ಲನ್ನು ಒಲೆಗುಂಡು ಮಾಡೋದು ಇನ್ನೂ ಅಪಾಯ. ಬಿರುಕಿನೊಳಗೆ ಹೊಕ್ಕ ನೀರು ಆವಿಯಾಗಿ ಕಲ್ಲನ್ನೇ ಒಡೆಯುತ್ತೆ.

ತಲಪರಿಗೆ, ಪಾವಗಡ

ನೀರಿನ ವಿಷಯ ನನಗೆ ಬಿಡಿ.

ಗುಂಡಿ-ಪ್ಲಾಸ್ಟಿಕ್ ವಿದ್ಯೆ ಮೋಸವೇನಲ್ಲ. 1965ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಮರುಭೂಮಿಗೆ ಅಂತ ಪ್ರಯೋಗ ಮಾಡಿ ಪ್ರಕಟಿಸಿದ್ದು. ಕೆಡೋದು ಲೆಕ್ಕದಲ್ಲಿ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಆಳದ ಬೋಗುಣಿ ಗುಂಡಿ ತೋಡಬೇಕು. ಅಂದರೆ ಸುಮಾರು 300 ಕೆ.ಜಿ. ಮಣ್ಣು. ಪಾವಗಡ, ಸಿರಾ ಕಡೆ ಬೇಸಿಗೆಯ ಜಲ್ಲಿ ಮಣ್ಣಿಗೆ ಹಾರೆ ಹೊಡೆದರೂ ಠಣ್ ಅನ್ನುತ್ತೆ. ಕೋಲಿನಲ್ಲಿ ಕೆದಕೋದಾದರೆ ಅರ್ಧ ದಿನ. ಬಿಸಿಲಲ್ಲಿ ಅಂಥ ಕೆಲಸಕ್ಕೆ ಗಂಟೆಗೆ ಒಂದು ಲೀಟರ್ ಬೆವರು ಹೋಗುತ್ತೆ. ಒಳ್ಳೇ ತೇವದ ಮಣ್ಣಿದ್ದರೂ ಗುಂಡಿ ಕೊಡೋದು ಇಡೀ ದಿನಕ್ಕೆ ಲೀಟರ್ ಆಸುಪಾಸು, ಒಣ ಮಣ್ಣಿನಲ್ಲಿ ಒಂದು ಲೋಟ ತುಂಬೋದೂ ಕಷ್ಟ. ಅದರ ಬದಲು ಒಂದು ಪಾರದರ್ಶಕ ಕವರ್ ಇದ್ದರೆ ಬಿಸಿಲಿಗೆ ಮುಖ ಮಾಡಿರೋ, ವಿಷವಿಲ್ಲದ ಮರದ ಎಲೆ ತುಂಬಿದ ಕೊಂಬೆಗೆ ಸಿಕ್ಕಿಸಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ಮೂಲೆ ಕೆಳಗೆ ಇಳಿಯೋ ಹಾಗೆ ಸಣ್ಣ ಕಲ್ಲು ಹಾಕಿ ಬಿಡಿ. ಎಲೆ ಬೆವರಿದ ನೀರು ಅಲ್ಲಿ ಸೇರುತ್ತೆ. ಸಿಗೋದು ಕೆಲವೇ ಗುಟುಕು, ಆದರೆ ನಿಮ್ಮ ಬೆವರು ಖರ್ಚಾಗಿಲ್ಲ. ಎಕ್ಕ, ಕಣಗಿಲೆ, ಕಳ್ಳಿ ಜಾತಿಗೆ ಕಟ್ಟಲೇಬಾರದು.

ಕಳ್ಳಿ ಅಂದೆನಲ್ಲ, ಮಕ್ಕಳಿಗೆ ಮೊದಲು ಇದನ್ನು ಹೇಳಿ. ನಮ್ಮ ಬೇಲಿಯ ಕಳ್ಳಿ ಅಮೆರಿಕದ ಮರುಭೂಮಿಯ ಗಿಡದ ಜಾತಿಯದೇ ಅಲ್ಲ. ಅದರ ಹಾಲು ಬಾಯಿ, ಗಂಟಲು ಸುಡುತ್ತೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕೊಯ್ದ ಕೈಯಿಂದ ಕಣ್ಣು ಉಜ್ಜಿಕೊಂಡರೂ ಸಾಕು. ಸಿಡಿದರೆ ಹರಿಯೋ ನೀರಲ್ಲಿ ಕಾಲು ಗಂಟೆ ಬಿಡದೆ ತೊಳೆದು ನೇರ ಕಣ್ಣಿನ ಆಸ್ಪತ್ರೆಗೆ. ಪಾಪಾಸುಕಳ್ಳಿಯ ಹಣ್ಣು ಮುಳ್ಳು ತೆಗೆದು ತಿನ್ನಬಹುದು, ಆದರೆ ಅದರ ಎಲೆಯಂಥ ಕಾಂಡದ ಲೋಳೆ ಹಸಿದ ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಒಳಗಿದ್ದ ನೀರೂ ಹೊರಗೆ.

ಈಗ ನಡೆಯೋ ವಿದ್ಯೆ. ಪಾವಗಡ, ಮಧುಗಿರಿ, ಕೊರಟಗೆರೆ, ಸಿರಾ ಕಡೆ ತಲಪರಿಗೆ ಅಂತ ಇವೆ. ಮರಳು ಭೂಮಿಯಲ್ಲಿ ಕೈಗೆಟುಕೋ ಆಳದಲ್ಲಿ ಜಿನುಗೋ ಒರತೆಯನ್ನು ಊರವರೇ ತೋಡಿ, ಕಲ್ಲು ಕಟ್ಟಿ, ವರ್ಷಕ್ಕೊಮ್ಮೆ ಹೂಳೆತ್ತಿ ಕಾಪಾಡಿಕೊಂಡು ಬಂದದ್ದು. ಒಣ ಹಳ್ಳದಲ್ಲಿ ನೀರು ಹುಡುಕೋ ಬುದ್ಧಿಯೂ ಇದೇ. ಹಳ್ಳ ತಿರುಗೋ ಕಡೆ ಹೊರಮಗ್ಗುಲು, ಇಲ್ಲವೇ ಅಡ್ಡಬಂಡೆಯ ಮೇಲ್ಗಡೆ ಮರಳು ನಿಂತ ಜಾಗ ನೋಡಬೇಕು. ದಡದಲ್ಲಿ ಅತ್ತಿ, ನೇರಳೆ, ಹೊಳೆಮತ್ತಿ ಹಸಿರಾಗಿದ್ದರೆ ಇನ್ನೂ ನಂಬಿಕೆ. ಮೊಳಕೈ ಆಳಕ್ಕೆ ಮರಳು ತಣ್ಣಗೆ, ಮುದ್ದೆ ಕಟ್ಟಿದರೆ ನಿಲ್ಲೋ ಹಾಗಿದ್ದರೆ ಮುಂದುವರಿಸಿ. ಮೂರು ಅಡಿಗೂ ಒಣಗಿದ್ದರೆ ಬಿಟ್ಟು ಎದ್ದೇಳಿ. ನೀರು ಜಿನುಗಿದರೆ ಅರ್ಧ ಗಂಟೆ ಕಾದು, ಮೊದಲ ಎರಡು ಸಲ ಮೊಗೆದು ಚೆಲ್ಲಿ, ಮೂರನೇದನ್ನು ಬಳಸಿ. ಮರಳು ಲೂಟಿಯಾದ ಹಳ್ಳಗಳಲ್ಲಿ ಇದೂ ನಡೆಯಲ್ಲ. ನೀರು ಹಿಡಿದಿಡೋ ಮರಳೇ ಇಲ್ಲ ಅಂದ ಮೇಲೆ ತೋಡಿ ಏನು ಬಂತು.

ಬೆಟ್ಟದ ಮೇಲೆ ದೊಣೆಗಳಿರುತ್ತವೆ, ಅಂದರೆ ಬಂಡೆಯ ಕುಳಿಯಲ್ಲಿ ಮಳೆನೀರು ನಿಲ್ಲೋ ಹೊಂಡ. ಮಳೆಗಾಲ ಮುಗಿದ ಹೊಸತರಲ್ಲಿ ತಿಳಿನೀರು, ಆಮೇಲೆ ಕೋತಿ, ದನ, ಪಾಚಿ. ಮೊದಲು ಬಟ್ಟೆಯಲ್ಲಿ ಸೋಸಿ, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯಾಗಬೇಕು. ಮೆಟ್ಟಿಲುಬಾವಿ ಕಾಲದ ನಾರುಹುಣ್ಣು (ಕುಡಿಯೋ ನೀರಿನಿಂದ ಬರುತ್ತಿದ್ದ ಹುಳುವಿನ ರೋಗ) ದೇಶದಿಂದ ಹೋಗಿದ್ದರಲ್ಲಿ ಈ ಬಟ್ಟೆ ಸೋಸುವಿಕೆಗೆ ದೊಡ್ಡ ಪಾಲಿದೆ. ಆದರೆ ಬಟ್ಟೆ ರೋಗಾಣುವನ್ನು ತಡೆಯಲ್ಲ. ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ, ಇಲ್ಲವೇ ಕುದಿಸಿ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಕೆರೆಯಂಗಳ, ಕೋಲಾರ

ತಲಪರಿಗೆ ಅವರ ಮಾತಿಗೆ ನಮ್ಮ ಜಿಲ್ಲೆಯ ತಿದ್ದುಪಡಿ. ಕೋಲಾರದ ಕೆರೆ ನೀರಿಗೆ ಕುದಿಸೋ ಲೆಕ್ಕ ಸಾಲದು. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಚಿಕ್ಕಬಳ್ಳಾಪುರಕ್ಕೆ ಅಂಥದ್ದೇ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು. ಅದು ಅಂತರ್ಜಲ ಮರುಪೂರಣಕ್ಕೆ ಕೊಟ್ಟದ್ದು, ಕುಡಿಯೋಕಲ್ಲ. ಕುದಿಸಿದರೆ ರೋಗಾಣು ಸಾಯುತ್ತೆ, ಕರಗಿರೋ ರಾಸಾಯನಿಕ ಹಾಗೇ ಉಳಿಯುತ್ತೆ. ಕೆರೆ ಕಂಡಿತು ಅಂತ ಮಕ್ಕಳು ಬಾಟಲಿ ಅದ್ದೋದು ಬೇಡ. ಕೆರೆ ಕಂಡರೆ ಏರಿ ಹತ್ತಿ ನಡೆದರೆ ಊರು ಸಿಗುತ್ತೆ, ಅಲ್ಲಿ ನಲ್ಲಿ ಇರುತ್ತೆ.

ಫ್ಲೋರೈಡ್ ಬಗ್ಗೆಯೂ ಯಾರಾದರೂ ಕೇಳಿಯೇ ಕೇಳ್ತಾರೆ. ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು ಅನ್ನೋದು ವರ್ಷಗಟ್ಟಲೆ ಕುಡಿಯೋರಿಗೆ. ಬಾಯಾರಿ ಬಂದ ಮಗುವಿಗೆ ಹಳ್ಳಿಯ ಬೋರ್‌ವೆಲ್ ನೀರು ಒಂದು ದಿನ ಕುಡಿದರೆ ಅದರಿಂದ ಏನೂ ಆಗಲ್ಲ. ಬಿಸಿಲಲ್ಲಿ ನೀರಿಲ್ಲದೆ ಕೂತರೆ ಆಗುತ್ತೆ.

ನರ್ಸಕ್ಕ, ಗೌರಿಬಿದನೂರು

ಹಾವಿನ ವಿಷಯದಲ್ಲಿ ಟಿವಿ ಮಾಡಿದಷ್ಟು ಹಾನಿ ಬೇರೆ ಯಾವುದರಲ್ಲೂ ಇಲ್ಲ. ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಮೂರೂ ತಪ್ಪು. ಹಲ್ಲು ಇಳಿಸಿದ ವಿಷ ಕ್ಷಣದಲ್ಲಿ ಅಂಗಾಂಶದೊಳಗೆ ಹರಡುತ್ತೆ, ಹೀರಿದರೆ ಬರೋದು ರಕ್ತ ಮಾತ್ರ. ಕೊಳಕುಮಂಡಲ, ಗರಗಸಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟೋ ಶಕ್ತಿಯೇ ಹೋಗುತ್ತೆ, ಅಂಥ ಮೈಗೆ ಬ್ಲೇಡ್ ಹಾಕಿದರೆ ರಕ್ತ ನಿಲ್ಲಿಸೋದೇ ಕಷ್ಟ. ಬಿಗಿದು ಕಟ್ಟಿದರೆ ಮೊದಲೇ ಊದಿರೋ ಕಾಲು ಕೊಳೆಯುತ್ತೆ. ಕಟ್ಟು ಬಿಚ್ಚಿದ ಕೂಡಲೇ ತಡೆದಿದ್ದ ವಿಷ ಒಮ್ಮೆಗೇ ನುಗ್ಗುತ್ತೆ.

ಮಾಡಬೇಕಾದ್ದು ಬಹಳ ಸರಳ. ಉಂಗುರ, ಬಳೆ, ಕಾಲುಗೆಜ್ಜೆ, ವಾಚು, ಬೂಟು ತೆಗೆಯಿರಿ, ಬಾವು ಬಂದ ಮೇಲೆ ಬರಲ್ಲ. ಮೂಳೆ ಮುರಿದಾಗ ಕಟ್ಟೋ ಹಾಗೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಾಂತಿ ಬರೋ ಹಾಗಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡುವಾಗಲೇ ವಿಷನಿರೋಧಕ ಚುಚ್ಚುಮದ್ದು ಇರೋ ಆಸ್ಪತ್ರೆ ಯಾವುದು ಅಂತ ಕೇಳಿಕೊಳ್ಳಿ. ವಿಷದ ಲಕ್ಷಣ ಕಂಡರೆ ಸಾಮಾನ್ಯವಾಗಿ ಮೊದಲಿಗೆ 8ರಿಂದ 10 ವಯಲ್ (ಮದ್ದಿನ ಸಣ್ಣ ಶೀಶೆ) ಬೇಕಾಗುತ್ತೆ, ಮಕ್ಕಳಿಗೂ ಅಷ್ಟೇ. ಹಾವಿನ ವಿಷ ಅಷ್ಟೇ ಇರುತ್ತಲ್ಲ, ಮೈ ಚಿಕ್ಕದು ಅಂತ ಕಡಿಮೆ ಆಗಲ್ಲ. ಹಾವನ್ನು ಹಿಡಿದು ತರೋ ಅಗತ್ಯ ಇಲ್ಲ: ಒಂದೇ ಮದ್ದು ನಾಗರಹಾವು, ಕಟ್ಟಿಗೆ ಹಾವು (ಕ್ರೇಟ್), ಎರಡು ಮಂಡಲ, ನಾಲ್ಕಕ್ಕೂ ಕೆಲಸ ಮಾಡುತ್ತೆ. ಆಸ್ಪತ್ರೆಯಲ್ಲಿ ಒಣ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಓರೆ ಮಾಡಿ ನೋಡ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಅಂತ ಗೊತ್ತಾಗುತ್ತೆ.

ಕಟ್ಟಿಗೆ ಹಾವಿನ ಬಗ್ಗೆ ಒಂದು ಮಾತು ಹೆಚ್ಚು ಹೇಳ್ತೀನಿ. ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಚ್ಚೋದು. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳೋದು, ಮಾತು ತೊದಲೋದು ಕಂಡರೆ ಗ್ಯಾಸ್ ಟ್ರಬಲ್ ಅಂತ ಸುಮ್ಮನಾಗಬಾರದು. ಟಿವಿಯಲ್ಲಿ ಹುಲ್ಲು ಹಾಸಿ ನೆಲದ ಮೇಲೆ ಮಲಗೋ ದೃಶ್ಯ ಬಂದಾಗ ಮಕ್ಕಳಿಗೆ ಇದನ್ನೇ ಹೇಳಿ.

ಸಿದ್ಧರಬೆಟ್ಟದ ದಾರಿ, ಕೊರಟಗೆರೆ

ಅಕ್ಕ, ಹೆಜ್ಜೇನಿನ ಬಗ್ಗೆಯೂ ನೀವೇ ಬರೆದರೆ ಒಳ್ಳೇದು. ನಮ್ಮ ಬೆಟ್ಟಗಳಲ್ಲಿ ಹಾವಿಗಿಂತ ಅದರ ಭಯವೇ ಹೆಚ್ಚು. ಟಿವಿಯಲ್ಲಿ ಹೊಗೆ ಹಾಕಿ ಜೇನು ಬಿಡಿಸೋದನ್ನೇ ವೀರತನದ ಹಾಗೆ ತೋರಿಸ್ತಾರೆ.

ನರ್ಸಕ್ಕ, ಗೌರಿಬಿದನೂರು

ಹೌದು, ಬಿಟ್ಟುಹೋಗಿತ್ತು. ಬಂಡೆಯ ಚಾಚು, ಕೋಟೆಯ ಕಮಾನು, ದೊಡ್ಡ ಮರ ಇದ್ದಲ್ಲಿ ತಲೆ ಎತ್ತಿ ನೋಡಿಯೇ ನಿಲ್ಲಬೇಕು. ಕಲ್ಲೆಸೆಯೋದು, ಹೊಗೆ, ಗಾಢ ಸೆಂಟು, ರಾತ್ರಿ ಹೊತ್ತು ಗೂಡಿಗೆ ಟಾರ್ಚು ಬೇಡವೇ ಬೇಡ. ಒಂದು ಹುಳ ಕುಟುಕಿದರೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಬಿಡುತ್ತೆ, ಅದು ಉಳಿದವಕ್ಕೆ ಕರೆ. ಅಲ್ಲೇ ನಿಂತು ಕೈಬೀಸೋದು ಅತಿ ಕೆಟ್ಟದ್ದು. ಮುಖ, ತಲೆಗೆ ಅಂಗಿ ಹೊದ್ದು, ದಾರಿ ಕಾಣೋಷ್ಟು ಬಿಟ್ಟು ದೂರ ಓಡಬೇಕು, ಹೆಜ್ಜೇನು ನೂರಾರು ಮೀಟರ್ ಬೆನ್ನಟ್ಟುತ್ತೆ. ಬಂಡೆಯ ಅಂಚಿನ ಕಡೆ ಓಡಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿರಿ. ನೀರಿಗೆ ಹಾರಿದರೆ ತಲೆ ಎತ್ತೋ ತನಕ ಅವು ಮೇಲೇ ಸುತ್ತುತ್ತಿರುತ್ತವೆ. ತಪ್ಪಿಸಿಕೊಂಡ ಮೇಲೆ ಕೊಂಡಿ ತೆಗೆಯೋದರಲ್ಲಿ ಉಗುರೋ, ಚಿಮುಟವೋ ಅನ್ನೋ ಚರ್ಚೆ ಬೇಡ, ಎಷ್ಟು ಬೇಗ ಅನ್ನೋದಷ್ಟೇ ಮುಖ್ಯ. ಕೊಂಡಿ ಒಳಗಿದ್ದಷ್ಟು ಹೊತ್ತೂ ವಿಷದ ಚೀಲ ಒತ್ತುತ್ತಲೇ ಇರುತ್ತೆ. ಒಂದೇ ಕಡಿತವಾದರೂ ತುಟಿ ಊದಿ, ಉಸಿರು ಸಿಕ್ಕಿಕೊಂಡು, ಮೈಯೆಲ್ಲ ದದ್ದು ಎದ್ದರೆ ಆಸ್ಪತ್ರೆಗೆ ಓಡಿ. ಹತ್ತಾರು ಕುಟುಕಿದ್ದರೆ ಲಕ್ಷಣ ಇಲ್ಲದಿದ್ದರೂ ಓಡಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳೋದು ಆಮೇಲೆ ಗೊತ್ತಾಗುತ್ತೆ.

ನಂದಿ ಮೆಟ್ಟಿಲು, ಚಿಕ್ಕಬಳ್ಳಾಪುರ

"ಹಳ್ಳ ಹಿಡಿದು ಇಳಿ" ಅನ್ನೋದು ಕೆನಡಾದಂಥ ದೊಡ್ಡ ಕಾಡಿಗೆ ಸರಿಯಿರಬಹುದು. ನಮ್ಮದು ಬಂಡೆ ಬೆಟ್ಟ. ಇಲ್ಲಿ ನೀರು ಹರಿಯೋ ದಾರಿ ಒಂದು ಹಂತದಲ್ಲಿ ಬಂಡೆಯ ಅಂಚಿಗೆ ಬಂದು ಕೆಳಗೆ ಬೀಳುತ್ತೆ. ಇಳಿಯುವಾಗ ಬಂಡೆ ಮೊದಲು ಸಪಾಟು, ಆಮೇಲೆ ತುಸು ಇಳಿಜಾರು, ಆಮೇಲೆ ಇನ್ನಷ್ಟು. ಹೊಟ್ಟೆಯುಬ್ಬಿದ ಮಡಕೆಯ ಮೇಲೆ ಇರುವೆ ನಡೆದ ಹಾಗೆ. ಅಂಚು ಎಲ್ಲಿ ಅಂತ ಮೇಲಿಂದ ಕಾಣಲ್ಲ, ಕಾಣುವಷ್ಟರಲ್ಲಿ ಹಿಂತಿರುಗಿ ಹತ್ತೋಕೆ ಹಿಡಿತ ಇರಲ್ಲ. ಕಪ್ಪು ಪಟ್ಟೆ ಕಂಡಲ್ಲಿ ಕಾಲಿಡಬೇಡಿ, ಅದು ಒಣಪಾಚಿ. ಬೆಳಗಿನ ಇಬ್ಬನಿಗೆ ಸೋಪಿನ ಹಾಗಾಗುತ್ತೆ. 2022ರ ಫೆಬ್ರುವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಸುಮಾರು 300 ಅಡಿ ಜಾರಿ ಬಂಡೆಯ ಚಾಚಿನ ಮೇಲೆ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ಮೇಲೆತ್ತೋಕೆ ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ದಾರಿ ತಪ್ಪಿದರೆ ಹತ್ತಿದ ದಾರಿಯಲ್ಲೇ ಗೊತ್ತಿರೋ ಕೊನೇ ಜಾಗಕ್ಕೆ ವಾಪಸ್ ಬನ್ನಿ. ಕತ್ತಲಾಗಿದ್ದರೆ ಅಲ್ಲೇ ಕೂತು ಬೆಳಕು ಹರಿಯೋ ತನಕ ಕಾಯಿರಿ.

ದಿಕ್ಕಿನ ವಿಷಯ. ಗಡಿಯಾರದ ಗಂಟೆ ಮುಳ್ಳನ್ನು ಸೂರ್ಯನಿಗೆ ಹಿಡಿದು ದಕ್ಷಿಣ ಕಂಡುಹಿಡಿಯೋದು ಯುರೋಪಿನ ಲೆಕ್ಕ. ನಾವಿರೋದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಏಪ್ರಿಲ್ ಕೊನೇ ವಾರ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಈ ವಿದ್ಯೆ ನಂಬಿದರೆ ತಲೆಕೆಳಗು. ಕೋಲು ನೆಟ್ಟು ನೆರಳಿನ ತುದಿ ಗುರುತು ಮಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಗುರುತು ಮಾಡಿ ಗೆರೆ ಎಳೆಯೋದು ವಾಸಿ. ಮೊದಲ ಗುರುತು ಪಶ್ಚಿಮ, ಎರಡನೇದು ಪೂರ್ವ. ನಡುಹಗಲಿನ ಹತ್ತಿರ ಮಾಡಿದರೆ ಹೆಚ್ಚು ನಿಖರ. ತುಮಕೂರಿನಲ್ಲಿ ನಿಜವಾದ ನಡುಹಗಲು 12 ಗಂಟೆಗಲ್ಲ, ಸುಮಾರು 12:20ಕ್ಕೆ, ತಿಂಗಳಿಂದ ತಿಂಗಳಿಗೆ ಕಾಲು ಗಂಟೆ ಆಚೀಚೆ. ಧ್ರುವ ನಕ್ಷತ್ರವೂ ನಮಗೆ ದಿಗಂತದಿಂದ 13 ಡಿಗ್ರಿ ಮೇಲಷ್ಟೇ, ಕೈ ಚಾಚಿ ಹಿಡಿದ ಒಂದು ಮುಷ್ಟಿಗಿಂತ ತುಸು ಎತ್ತರ. ಎದುರಿಗೊಂದು ಗುಡ್ಡ ಇದ್ದರೆ, ಧೂಳು ಕವಿದಿದ್ದರೆ ಕಾಣಲ್ಲ. ಮೃಗಶಿರದ ಪಕ್ಕದ ಮೂರು ನಕ್ಷತ್ರದ ಸಾಲು ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಹುಟ್ಟಿ ನೇರ ಪಶ್ಚಿಮಕ್ಕೆ ಮುಳುಗುತ್ತೆ, ಚಳಿಗಾಲದ ರಾತ್ರಿಗೆ ಅದು ನಂಬಿಕಸ್ಥ.

ಏಪ್ರಿಲ್-ಮೇ ಸಂಜೆ ಗುಡುಗು ಕೇಳಿದರೆ ಬೆಟ್ಟದ ತಲೆ ಬಿಟ್ಟು ಇಳಿಯೋದೇ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಇದ್ದರೆ 10 ಕಿ.ಮೀ. ಒಳಗೇ ಇದೆ. ಬಂಡೆಯ ಚಾಚಿನ ಕೆಳಗೆ, ಗುಹೆ ಬಾಯಲ್ಲಿ ನಿಲ್ಲೋದು ತಪ್ಪು, ಸಿಡಿಲಿನ ವಿದ್ಯುತ್ತು ಬಂಡೆ ಮೈ ಹಿಡಿದು ಆ ಸಂದನ್ನು ಹಾರಿ ದಾಟುತ್ತೆ.

ಬುಕ್ಕಾಪಟ್ಟಣದ ಕಡೆಯವನು, ಸಿರಾ

ಗುಹೆ ಅಂದಿದ್ದಕ್ಕೆ ಸೇರಿಸ್ತೀನಿ. ತುಮಕೂರು ಜಿಲ್ಲೆಯ ಗುಂಡುಗಳ ಸಂದಿನಲ್ಲಿ ಮಲಗೋದು ಕರಡಿ. ಟಿವಿಯಲ್ಲಿ ಗುಹೆ ಕಂಡ ಕೂಡಲೇ ಒಳಗೆ ನುಗ್ಗಿ ಹಾಸಿಗೆ ಹಾಸ್ತಾರೆ. ನಮ್ಮ ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಹತ್ತಿರ ಹೋಗೋ ತನಕ ಗೊತ್ತಾಗಲ್ಲ, ಗೊತ್ತಾದಾಗ ಗಾಬರಿಯಿಂದಲೇ ಮೇಲೆ ಬೀಳುತ್ತೆ. ಮುಂಜಾನೆ, ಮುಸ್ಸಂಜೆ ಪೊದೆ ದಾರಿಯಲ್ಲಿ ಮಾತಾಡುತ್ತಾ, ಕೋಲು ಕುಟ್ಟುತ್ತಾ ಗುಂಪಾಗಿ ಹೋಗಬೇಕು. ಒಡೆದ ಹುತ್ತ, ಬೀಜ ತುಂಬಿದ ಲದ್ದಿ ಕಂಡರೆ ಹಿಂದಕ್ಕೆ. ಮರ ಹತ್ತಿ ಪಾರಾಗೋ ಮಾತು ಬಿಡಿ, ಅದೂ ಹತ್ತುತ್ತೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಕುತ್ತಿಗೆ ಹಿಂದೆ ಎರಡೂ ಕೈ ಹೆಣೆದು ಮುಖ ನೆಲಕ್ಕೆ ಒತ್ತಿ ಹಿಡಿಯಬೇಕು, ಬೆನ್ನಿಗೆ ಚೀಲ ಇದ್ದರೆ ಬಿಚ್ಚಬಾರದು. ಅದು ಮೊದಲು ಹಿಡಿಯೋದು ಮುಖವನ್ನೇ.

ಇನ್ನು ಬೇಟೆ, ಉರುಲು. ಉಡ ಹಿಡಿದು ಸುಟ್ಟು ತಿನ್ನೋದನ್ನು ಟಿವಿಯಲ್ಲಿ ನೋಡಿರ್ತಾರೆ. ಇಲ್ಲಿ ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕನಿಷ್ಠ ಮೂರು ವರ್ಷ ಜೈಲು. ಒಂದೆರಡು ದಿನ ಊಟವಿಲ್ಲದೆ ಯಾರೂ ಸಾಯಲ್ಲ. ಕವಳೆ, ಕಾರೆ, ಎಲಚಿ, ಸೀತಾಫಲ ಗುರುತಿದ್ದರೆ ತಿನ್ನಲಿ. ಗುರುತಿಲ್ಲದ್ದು ಮುಟ್ಟೋದು ಬೇಡ, ಗುಲಗಂಜಿ ನೋಡೋಕೆ ಎಷ್ಟು ಚೆಂದ, ಆದರೆ ಬೀಜ ವಿಷ.

ಹಳೇ ಆಂಟೆನಾ, ತಿಪಟೂರು

ಟಿವಿಯವರ ಪರವಾಗಿ ಎರಡು ಮಾತು ಹೇಳಲೇಬೇಕು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೇರ್ ಗ್ರಿಲ್ಸ್ ಕಾರ್ಯಕ್ರಮದ ತಂಡ ಹೋಟೆಲ್‌ನಲ್ಲಿ ತಂಗಿದ್ದ ವಿಷಯ 2007ರಲ್ಲಿ ಹೊರಬಿತ್ತು. ಆಮೇಲೆ ಕೆಲವು ಸನ್ನಿವೇಶ ತೋರಿಸಲೆಂದೇ ಸಿದ್ಧಪಡಿಸಿದ್ದು, ತಂಡದ ನೆರವು ಇರುತ್ತೆ ಅಂತ ಸೂಚನೆ ಹಾಕಿದರು. ಆ ಸೂಚನೆ ಓದಿ ನೋಡಿದರೆ ಅದು ಪ್ರಾತ್ಯಕ್ಷಿಕೆ ಅಂತ ಗೊತ್ತಾಗುತ್ತೆ. 2020ರ ಜನವರಿಯಲ್ಲಿ ರಜನೀಕಾಂತ್ ಜೊತೆ ನಮ್ಮ ಬಂಡೀಪುರದಲ್ಲೇ ಚಿತ್ರೀಕರಣ ಆಯಿತು, ಅರಣ್ಯ ಇಲಾಖೆಯ ಅನುಮತಿ ಪಡೆದು. ತೆರೆಯ ಮೇಲೆ ಇಬ್ಬರು, ಕ್ಯಾಮೆರಾ ಹಿಂದೆ ಇಡೀ ತಂಡ. ಇನ್ನೊಂದು ಕಡೆ ಕೆನಡಾದ ಲೆಸ್ ಸ್ಟ್ರೌಡ್ ಕ್ಯಾಮೆರಾಗಳನ್ನೂ ತಾನೇ ಹೊತ್ತು, ಒಬ್ಬನೇ ದಿನಗಟ್ಟಲೆ ಇದ್ದು ಚಿತ್ರಿಸಿದ. ಬೆಂಕಿ ಹತ್ತದೆ ಹೋಗಿದ್ದು, ಹಸಿವಿಗೆ ಕೈ ನಡುಗಿದ್ದು ಅದರಲ್ಲಿ ಕಾಣುತ್ತೆ. ಮಕ್ಕಳಿಗೆ ತೋರಿಸೋದಾದರೆ ಅಂಥದ್ದು ತೋರಿಸಿ, ಪ್ರತಿ ದೃಶ್ಯದಲ್ಲೂ ನೆರಳಿನ ಉದ್ದ ನೋಡೋಕೆ ಹೇಳಿ. ಕಟ್ಟಿಗೆ ಉಜ್ಜೋಕೆ ಶುರು ಮಾಡಿದಾಗ ಮೊಳದುದ್ದ ಇದ್ದ ನೆರಳು ಹೊಗೆ ಬಂದಾಗ ಮಾರುದ್ದ ಆಗಿದ್ದರೆ, ನಡುವೆ ಎಷ್ಟು ಗಂಟೆ ಹೋಗಿದೆ ಅಂತ ಅವರೇ ಹೇಳ್ತಾರೆ.

ಕಲ್ಪತರು, ತುಮಕೂರು

ಎಲ್ಲರಿಗೂ ಕೈ ಮುಗಿದೆ. ನೆರಳಿನ ಉಪಾಯ ಮಕ್ಕಳಿಗೆ ಬಹಳ ಹಿಡಿಸುತ್ತೆ. ಕೊನೇ ಪ್ರಶ್ನೆ: ಒಬ್ಬೊಬ್ಬರ ಚೀಲಕ್ಕೆ ಏನು ಹಾಕಿಸಬೇಕು? ತೂಕ ಕಡಿಮೆ ಇರಲಿ, 12-13 ವಯಸ್ಸಿನವರು.

ನಂದಿ ಮೆಟ್ಟಿಲು, ಚಿಕ್ಕಬಳ್ಳಾಪುರ

ನೀರು ತಲಾ 3 ಲೀಟರ್, ಅದರಲ್ಲಿ ಒಂದು ಬಾಟಲಿ ವಾಪಸ್ ಬರೋ ತನಕ ಮುಟ್ಟದ ಹಾಗೆ. ಓಆರ್‌ಎಸ್ ಪೊಟ್ಟಣ ಎರಡು, ಒಂದನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು. ರುಚಿಗೆ ಅಂತ ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪೂರ್ತಿ ತೋಳಿನ ಹತ್ತಿ ಅಂಗಿ, ಕಾಲು ಮುಚ್ಚೋ ಬೂಟು, ಟೋಪಿ. ಟಾರ್ಚು ಹಗಲಿನ ಚಾರಣವಾದರೂ ಇರಲಿ. ಒಬ್ಬ ದೊಡ್ಡವರ ಫೋನು ಚಾರ್ಜ್ ಪೂರ್ತಿ ಮಾಡಿ ಆಫ್ ಮಾಡಿಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112 ಹೋಗುತ್ತೆ.

ಚಕಮಕಿ, ಮಧುಗಿರಿ

ಸೀಟಿ ಬಿಟ್ಟಿರಿ ಸರ್. ಪ್ರತಿ ಮಗುವಿನ ಕೊರಳಿಗೂ ಒಂದು. ಒಳಗೆ ಗೋಲಿ ಇಲ್ಲದ ಪ್ಲಾಸ್ಟಿಕ್ ಸೀಟಿ ತಗೊಳ್ಳಿ: ಗೋಲಿ ಇರೋದು ಎಂಜಲಿಗೆ, ಧೂಳಿಗೆ ಅಂಟಿಕೊಂಡು ಮೂಕವಾಗುತ್ತೆ. ಮೂರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಕಿವಿಗೊಟ್ಟು, ಮತ್ತೆ ಮೂರು ಸಲ. ಕೂಗಿದರೆ ಅರ್ಧ ಗಂಟೆಗೆ ಗಂಟಲು ಹೋಗುತ್ತೆ. ಹೊರಡೋ ಹಿಂದಿನ ದಿನ ಮೈದಾನದಲ್ಲಿ ಒಬ್ಬರಿಂದ ಊದಿಸಿ, ಉಳಿದವರು ಕಣ್ಣು ಕಟ್ಟಿಕೊಂಡು ಸದ್ದು ಬಂದ ದಿಕ್ಕು ತೋರಿಸಲಿ. ಬಂಡೆಗಳ ನಡುವೆ ಪ್ರತಿಧ್ವನಿ ಬರುತ್ತೆ, ಅದಕ್ಕೆ ಒಬ್ಬರು ಒಂದು ಕಡೆ, ಇನ್ನೊಬ್ಬರು ನೂರು ಹೆಜ್ಜೆ ಆಚೆ ನಿಂತು ಇಬ್ಬರೂ ತೋರಿಸಿದ ಗೆರೆ ಎಲ್ಲಿ ಕೂಡುತ್ತೋ ಆ ಕಡೆ ಹೋಗಬೇಕು.